ಮಾವನ ಪಾತಿಯ ಮಣ್ಣು

ಪಾಲಕ್ ಸೊಪ್ಪಿನಷ್ಟು ಮೋಸದ ಗಿಡ ಇನ್ನೊಂದಿಲ್ಲ. ಹೀಗೆಂದರೆ ನಮ್ಮ ಲ್ಯಾಬಿನ ಮೇಡಂ ಹುಬ್ಬೇರಿಸಿ, "ಸೊಪ್ಪಿನ ಮೇಲೆ ಹಾಕಿ ನೀನು ಕೈ ತೊಳ್ಕೋಬೇಡ" ಎನ್ನುತ್ತಾರೆ. ಅವರ ಮಾತು ಸರಿ. ಆದರೂ, ಎಂಥ ಹಾಳು ಮಣ್ಣಿನಲ್ಲಿ ನಿಲ್ಲಿಸಿದರೂ ಮೇಲೆ ಹಸಿರಾಗಿ ನಗುತ್ತ, ಬುಡದಲ್ಲಿ ಏನಾಗುತ್ತಿದೆ ಎಂದು ಪಿಟಕ್ಕೆನ್ನದ ಗಿಡವನ್ನು ನಾನು ಇನ್ನೇನೆಂದು ಕರೆಯಲಿ?

ನಾನು ಮಣ್ಣಿನ ಲ್ಯಾಬಿನವಳು. ರಸ್ತೆ ಪಕ್ಕದ ಮಣ್ಣನ್ನು ಚೀಲದಲ್ಲಿ ಹೊತ್ತು ತರುವುದು, ಒಣಗಿಸಿ ಜರಡಿ ಹಿಡಿಯುವುದು, ಕುಂಡಗಳಿಗೆ ತುಂಬಿ ಬೀಜ ಹಾಕುವುದು, ಬೆಳೆದ ಗಿಡವನ್ನು ಕಿತ್ತು ಎತ್ತರ, ತೂಕ, ಎಲೆಯ ಹಸಿರು, ಬೇರಿನ ಉದ್ದ ಅಳೆಯುವುದು, ಕೊನೆಗೆ ಎಲೆಯನ್ನು ಒಣಗಿಸಿ ಪುಡಿ ಮಾಡಿ ಆಮ್ಲದಲ್ಲಿ ಕರಗಿಸಿ, ಒಳಗೆ ಸೀಸ ಎಷ್ಟು, ಸತು ಎಷ್ಟು ಎಂದು ಯಂತ್ರಕ್ಕೆ ಕೊಟ್ಟು ನೋಡುವುದು. ವಾಹನದ ಹೊಗೆ, ಟಯರು ಸವೆದ ಪುಡಿ, ಬ್ರೇಕಿನ ಧೂಳು ಎಲ್ಲ ಬಂದು ಕೂರುವುದು ರಸ್ತೆ ಬದಿಯ ಮಣ್ಣಿನಲ್ಲೇ. ಅಲ್ಲಿ ಹುಟ್ಟಿದ ಗಿಡ ಅದನ್ನು ಹೇಗೆ ತಾಳಿಕೊಳ್ಳುತ್ತದೆ ಎನ್ನುವುದು ನಮ್ಮ ಪ್ರಶ್ನೆ. ರಸ್ತೆ ಬದಿಯ ಖಾಲಿ ಜಾಗದಲ್ಲಿ ಜನ ಸೊಪ್ಪು ತರಕಾರಿ ಬೆಳೆದುಕೊಂಡರೆ ತೊಂದರೆಯಿಲ್ಲವೇ ಎಂದು ನಗರಸಭೆಯವರು ಕೇಳಿದ್ದರು. ಅದಕ್ಕಾಗಿ ಆ ಸಲ ಲ್ಯಾಬಿನ ಹಿಂದಿನ ಗಾಜಿನ ಮನೆಯಲ್ಲಿ ಸಾಲುಸಾಲು ಕುಂಡ ಇಟ್ಟಿದ್ದೆವು, ಎಲ್ಲದರಲ್ಲೂ ಪಾಲಕ್.

ಈಗ ನಮ್ಮ ಮಾವನ ಸಂಗತಿ. ಮಾವ ಎಂದರೆ ನನ್ನ ಗಂಡನ ತಂದೆ, ಜೀವಮಾನವಿಡೀ ಟ್ಯಾಕ್ಸಿ ಓಡಿಸಿದವರು. ಮಂಡಿ ನೋವೆಂದು ಸ್ಟೀರಿಂಗ್ ಬಿಟ್ಟ ಮೇಲೆ ಕೈ ಸುಮ್ಮನಿರಲಿಲ್ಲ. ಗಡಿಯಾರ, ಫ್ಯಾನು, ನನ್ನ ಮಿಕ್ಸಿ, ಕಣ್ಣಿಗೆ ಬಿದ್ದದ್ದನ್ನೆಲ್ಲ ಬಿಚ್ಚಿ ಮತ್ತೆ ಜೋಡಿಸುತ್ತಿದ್ದರು. ಜೋಡಿಸಿದಾಗಲೆಲ್ಲ ಒಂದು ಸ್ಕ್ರೂ ಉಳಿಯುತ್ತಿತ್ತು. "ಕಂಪನಿಯವ್ರು ಜಾಸ್ತಿ ಹಾಕಿರ್ತಾರಮ್ಮ" ಎಂದು ಅದನ್ನು ಡಬ್ಬಿಗೆ ಹಾಕುತ್ತಿದ್ದರು. ನನ್ನ ಗಂಡನಿಗೆ ಬೇರೆ ಊರಲ್ಲಿ ಕೆಲಸ, ಮನೆಗೆ ಬರುವುದು ಅಪರೂಪ. ಹೀಗಾಗಿ ಮಾವ, ನಾನು, ಆ ಸ್ಕ್ರೂ ಡಬ್ಬಿ, ಇಷ್ಟೇ ಸಂಸಾರ.

ಮನೆಯೆದುರಿನ ಓಣಿಯ ಆಚೆ ಬದಿಗೆ ಒಂದು ಉದ್ದ ಗೋಡೆ. ಗೋಡೆಯ ಬುಡದ ಪಟ್ಟಿಯಲ್ಲಿ ಮೊದಲು ಟ್ಯಾಕ್ಸಿ ಸ್ಟ್ಯಾಂಡ್ ಇತ್ತು. ಮಾವನ ಗಾಡಿ ನಿಲ್ಲುತ್ತಿದ್ದದ್ದೂ ಅಲ್ಲೇ. ದೊಡ್ಡ ರಸ್ತೆ ಬೇರೆ ಕಡೆ ತಿರುಗಿದ ಮೇಲೆ ಸ್ಟ್ಯಾಂಡ್ ಎತ್ತಿದರು, ಓಣಿ ತಣ್ಣಗಾಯಿತು, ಆ ಪಟ್ಟಿಯಲ್ಲಿ ಕಳೆ ಬೆಳೆಯಿತು. ನನ್ನ ಮಿಕ್ಸಿ ಶಾಶ್ವತವಾಗಿ ಕಣ್ಣು ಮುಚ್ಚಿದ ದಿನ ನಾನೇ ರೇಗಿ, "ಮಾವ, ಆ ಖಾಲಿ ಜಾಗದಲ್ಲಾದ್ರೂ ಏನಾದ್ರೂ ಮಾಡಿ, ನನ್ನ ಅಡುಗೆಮನೆ ಬಿಟ್ಟುಬಿಡಿ" ಎಂದೆ. ಮಾರನೆಯ ಬೆಳಿಗ್ಗೆ ಗುದ್ದಲಿ ತಂದರು. ಕಲ್ಲು ಆಯ್ದು, ಪಾತಿ ಮಾಡಿ, ಅಡುಗೆಮನೆಯ ಸಿಪ್ಪೆ ಕಸವೆಲ್ಲ ಕೊಳೆಸಿ ಗೊಬ್ಬರ ಹಾಕಿ, ಪಾಲಕ್ ಮತ್ತು ಮೂಲಂಗಿ ಬಿತ್ತಿದರು. ಆ ಸೊಪ್ಪು ಬಂದ ಪರಿ ನೋಡಬೇಕಿತ್ತು! ಒಂದೊಂದು ಎಲೆ ಅಂಗೈಯಗಲ. ಓಣಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಮಾವ ಟ್ಯಾಕ್ಸಿಗೂ ಅಷ್ಟು ನೀರು ಹಾಕಿ ತೊಳೆದಿರಲಾರರು.

ನಮ್ಮ ಮೇಲಿನ ಮಹಡಿಯಲ್ಲಿ ಒಬ್ಬ ಟೈಲರಮ್ಮ ಇದ್ದಾಳೆ. ಅವಳ ಮಗಳನ್ನು ನಾವು ಗುಬ್ಬಿ ಎನ್ನುತ್ತೇವೆ, ತೂಕವೂ ಅಷ್ಟೇ, ಸದ್ದೂ ಅಷ್ಟೇ. ಗಂಡ ಎಲ್ಲಿ ಎಂದು ನಾವು ಕೇಳಿಲ್ಲ, ಅವಳು ಹೇಳಿಲ್ಲ. ಅವಳು ಮೆಷಿನ್ ತುಳಿಯುವಷ್ಟು ಹೊತ್ತೂ ಗುಬ್ಬಿ ಮಾವನ ಹಿಂದೆ. ಮಾವ ಪಾತಿಯಲ್ಲಿ ಕೂತರೆ ಅದೂ ಪಾತಿಯಲ್ಲಿ, ಮೈಕೈಯೆಲ್ಲ ಮಣ್ಣು. ಮಗು ಬಿಳಿಚಿಕೊಂಡಿದೆ ಎಂದು ಟೈಲರಮ್ಮ ತೋರಿಸಿಕೊಂಡು ಬಂದಾಗ ಡಾಕ್ಟರು, ರಕ್ತ ಕಡಿಮೆ ಇದೆ, ಸೊಪ್ಪು ಚೆನ್ನಾಗಿ ತಿನ್ನಿಸಿ ಎಂದಿದ್ದರು. ಅಷ್ಟು ಸಾಕಾಯಿತು. ಮಾವನಿಗೆ ಮತ್ತೆ ನೌಕರಿ ಸಿಕ್ಕ ಹಾಗಾಯಿತು.

ದಿನಾ ಸಂಜೆ ಸೊಪ್ಪು ಬೇಯಿಸಿ, ನುಣ್ಣಗೆ ಮಸೆದು, ಬಟ್ಟಲಲ್ಲಿ ಹಿಡಿದುಕೊಂಡು ಮೆಟ್ಟಿಲಲ್ಲಿ ಕೂರುತ್ತಿದ್ದರು. ಮಗು ತಿನ್ನಬೇಕಲ್ಲ, ಅದಕ್ಕೊಂದು ಆಟ ಕಟ್ಟಿದ್ದರು. ಚಮಚವೇ ಟ್ಯಾಕ್ಸಿ. ಗಾಳಿಯಲ್ಲಿ ಎರಡು ತಿರುವು ತಿರುಗಿಸಿ ತಂದು, "ಪೋಂ ಪೋಂ! ಗಾಡಿ ಬಂತು, ಗೇಟು ತೆಗೀರಿ!" ಎನ್ನುತ್ತಿದ್ದರು. ಗುಬ್ಬಿ 'ಆ' ಎಂದು ಗೇಟು ತೆಗೆಯುತ್ತಿತ್ತು. ಬೇರೆ ಯಾರು ತಿನ್ನಿಸಿದರೂ ಗೇಟು ಬಂದ್. ನಾನೂ ಒಮ್ಮೆ ಪೋಂ ಎಂದು ನೋಡಿದೆ, ಚಮಚ ನನ್ನ ಸೀರೆಯ ಮೇಲೆ ಬಂತು.

ನಾನು ಮಾಡಿದ್ದು ಹೀಗೆ. ಇಂಥ ಪರೀಕ್ಷೆಯಲ್ಲಿ ಹೊಲಸು ಮಣ್ಣಿನ ಕುಂಡಗಳ ಪಕ್ಕದಲ್ಲಿ, ಹೋಲಿಸಿ ನೋಡಲು ಶುದ್ಧ ಮಣ್ಣಿನ ಕುಂಡಗಳನ್ನೂ ಇಡಬೇಕು. ಅದನ್ನು ನಾವು ಕಂಟ್ರೋಲ್ ಎನ್ನುತ್ತೇವೆ. ಆ ಮಣ್ಣನ್ನು ಊರಾಚೆಯ ಗುಡ್ಡದಿಂದ ತರುವುದು ಲ್ಯಾಬಿನ ಪದ್ಧತಿ. ಬಸ್ಸು ಹಿಡಿದು ಹೋಗಿ, ಹತ್ತಿ, ಅಗೆದು, ಹೊತ್ತು ತರಬೇಕು. ಆ ವಾರ ನನಗೆ ಸೊಂಟ ಹಿಡಿದಿತ್ತು, ಬಿಸಿಲೂ ಕೆಂಡದಂತಿತ್ತು. ಅದಕ್ಕಿಂತ ನಿಜ ಹೇಳಬೇಕೆಂದರೆ ಸೋಮಾರಿತನ. ಬಾಲ್ಕನಿಯಲ್ಲಿ ನಿಂತು ಮಾವನ ಪಾತಿ ನೋಡಿದೆ. ವಾಹನವೇ ಬಾರದ ಓಣಿ, ಎದೆಯುಬ್ಬಿಸಿ ನಿಂತ ಸೊಪ್ಪು. ಇದಕ್ಕಿಂತ ಒಳ್ಳೆಯ ಮಣ್ಣು ಗುಡ್ಡದಲ್ಲೇನು ಸಿಗುತ್ತದೆ ಎಂದುಕೊಂಡೆ. ಒಮ್ಮೆ ಮಣ್ಣಿಗೆ ಸೇರಿದ ಸೀಸ ಎಲ್ಲಿಗೂ ಹೋಗುವುದಿಲ್ಲ, ಸಂಚಾರ ನಿಂತರೂ ಅದು ನಿಂತಲ್ಲೇ ಇರುತ್ತದೆ ಎಂದು ಲ್ಯಾಬಿಗೆ ಬರುವ ಕಾಲೇಜಿನ ಮಕ್ಕಳಿಗೆ ಬೋರ್ಡಿನ ಮೇಲೆ ಬರೆದು ಹೇಳುವವಳೇ ನಾನು. ಬರೆದದ್ದು ಬೋರ್ಡಿನಲ್ಲೇ ಉಳಿದಿತ್ತು.

ಮಾವನಿಗೆ ಹೇಳಿದ್ದೇ ತಡ, ತಾವೇ ಜರಡಿ ಹಿಡಿದು ಚೀಲ ತುಂಬಿ, ಬಾಯಿ ಹೊಲಿದು ಕೊಟ್ಟರು. "ನೋಡಮ್ಮ, ಒಂದು ಕಲ್ಲಿಲ್ಲ" ಎಂದರು. ಲ್ಯಾಬಿನಲ್ಲಿ ಎಲ್ಲಿಯ ಮಣ್ಣೆಂದು ಯಾರೂ ಕೇಳಲಿಲ್ಲ, ಗುಡ್ಡದ್ದೇ ಎಂದುಕೊಂಡರು. ನಾನು ಬಾಯಿ ಬಿಡಲಿಲ್ಲ.

ಗಿಡಗಳು ಬೆಳೆದವು. ಆ ಹೊತ್ತಿಗೆ ಲೋಹ ಅಳೆಯುವ ಯಂತ್ರದ ದೀಪ ಸುಟ್ಟುಹೋಗಿತ್ತು. ಹೊಸ ದೀಪ ಹಡಗಿನಲ್ಲಿದೆಯೋ ಕತ್ತೆಯ ಮೇಲಿದೆಯೋ ದೇವರಿಗೇ ಗೊತ್ತು, ಬರಲೇ ಇಲ್ಲ. ಕೈಯಲ್ಲಿ ಅಳೆಯಬಹುದಾದ್ದನ್ನೆಲ್ಲ ಅಳೆದೆ. ರಸ್ತೆ ಮಣ್ಣಿನ ಪಾಲಕ್‌ಗೂ ಕಂಟ್ರೋಲ್ ಪಾಲಕ್‌ಗೂ ಏನೂ ವ್ಯತ್ಯಾಸವಿಲ್ಲ. ಎತ್ತರ ಅಷ್ಟೇ, ತೂಕ ಅಷ್ಟೇ, ಹಸಿರು ಅಷ್ಟೇ. ಬೇರು ಮಾತ್ರ ಎರಡರಲ್ಲೂ ಮೋಟಾಗಿ, ಕಂದು ಬಣ್ಣಕ್ಕೆ ತಿರುಗಿತ್ತು. ಈ ತಳಿಯ ಬೇರೇ ಹೀಗಿರಬೇಕು ಎಂದುಕೊಂಡು ಮುಂದೆ ಹೋದೆ.

"ಪರವಾಗಿಲ್ವೇ, ರಸ್ತೆ ಮಣ್ಣು ಗಿಡಕ್ಕೆ ಏನೂ ಮಾಡಿಲ್ಲ ಅಂತಾಯ್ತು" ಎಂದೆ ಮೇಡಂಗೆ.

"ಗಿಡ ಹಾಗಂತ ತೋರಿಸ್ತಿದೆ. ಯಂತ್ರ ಹೇಳೋವರೆಗೂ ಯಾರ ಹತ್ರನೂ ಬಾಯಿ ಬಿಡ್ಬೇಡ" ಎಂದರು ಅವರು.

ಆ ಸಂಜೆಯೇ ಬಿಟ್ಟೆ. ಮಾವ ಊಟಕ್ಕೆ ಕೂತಾಗ ಸಂಕೋಚದಿಂದಲೇ ಕೇಳಿದರು: "ಏನಮ್ಮ, ನಿಮ್ಮ ಲ್ಯಾಬಲ್ಲಿ ನನ್ನ ಮಣ್ಣು ಏನಂತು?" ಅವರ ಮುಖದ ಆಸೆ ನೋಡಿ ನನಗೆ ತಡೆಯಲಾಗಲಿಲ್ಲ. "ನಿಮ್ಮ ಮಣ್ಣು ನಮ್ಮ ಲ್ಯಾಬಿಗೇ ಮಾದರಿ ಮಾವ!" ಎಂದೆ.

ಮಾವ ಆ ಮಾತನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. ಹಾಲಿನವನಿಗೆ ಹೇಳಿದರು, ಎದುರು ಮನೆಯವರಿಗೆ ಹೇಳಿದರು, ಟೈಲರಮ್ಮನಿಗಂತೂ ಬಟ್ಟೆ ಕೊಡಲು ಬಂದ ಗಿರಾಕಿಗಳ ಮುಂದೆಯೇ ಹೇಳಿದರು: "ನನ್ನ ಸೊಸೆ ಪರೀಕ್ಷೆ ಮಾಡಿರೋ ಸೊಪ್ಪು ಕಣಮ್ಮ, ಕಣ್ಣು ಮುಚ್ಕೊಂಡು ತಿನ್ಸು." ಟೈಲರಮ್ಮ ಎರಡು ಹೊತ್ತೂ ತಿನ್ನಿಸತೊಡಗಿದಳು. ಗುಬ್ಬಿ ಮಾತ್ರ ಬಿಳಿಚಿಕೊಂಡೇ ಇತ್ತು. ನಡುನಡುವೆ ಹೊಟ್ಟೆನೋವೆಂದು ಅಳುತ್ತಿತ್ತು. "ಸೊಪ್ಪು ಸಾಲ್ತಿಲ್ಲ" ಎಂದು ಮಾವ ಇನ್ನೊಂದು ಪಾತಿ ಅಗೆದರು.

ಕೊನೆಗೆ ದೀಪ ಬಂತು. ಯಂತ್ರ ಓಡಿತು. ಮೇಡಂ ಅಂಕಿಗಳನ್ನು ನೋಡುತ್ತ ನಿಂತವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಇದೇನೇ ಇದು? ಕಂಟ್ರೋಲಿನ ಎಲೇಲಿ ಸೀಸ ರಸ್ತೆದಕ್ಕಿಂತ ಜಾಸ್ತಿ ಬಂದಿದೆ. ಕುಂಡದ ಚೀಟಿ ಅದಲು ಬದಲು ಮಾಡಿದೀಯಾ?"

ಚೀಟಿ ಸರಿಯಾಗಿತ್ತು. ನನಗಿಂತ ಚೆನ್ನಾಗಿ ಅದನ್ನು ಯಾರೂ ಬಲ್ಲವರಿರಲಿಲ್ಲ.

"ಇರಬಹುದು ಮೇಡಂ, ನೋಡ್ತೀನಿ" ಎಂದೆ.

ಅವರು ಹಿಂದಿನ ವರ್ಷ ಗುಡ್ಡದ ಮಣ್ಣಿನಲ್ಲಿ ಬೆಳೆದು ಗಾಜಿನ ಸೀಸೆಯಲ್ಲಿಟ್ಟಿದ್ದ ಗಿಡ ತಂದು ನನ್ನ ಕಂಟ್ರೋಲ್ ಗಿಡದ ಪಕ್ಕದಲ್ಲಿಟ್ಟರು. ಗುಡ್ಡದ್ದರ ಬೇರು ಬೆಳ್ಳಗೆ, ಉದ್ದಕ್ಕೆ, ಕೂದಲಿನಂತೆ ಹರಡಿತ್ತು. ನನ್ನದು ಹಲ್ಲುಜ್ಜಿ ಸವೆದ ಬ್ರಷ್ಷು. ಅದೇ ತಳಿ.

"ಎಲೆ ನೋಡಿ ಮರುಳಾಗ್ತಾರೆ ಎಲ್ರೂ. ನೀರು ಗೊಬ್ಬರ ಚೆನ್ನಾಗಿ ಸಿಕ್ರೆ ಪಾಲಕ್ಕು ಎಲೇನ ಹಸಿರಾಗೇ ಇಟ್ಕೊಳ್ಳತ್ತೆ. ಸೀಸನ ಆದಷ್ಟೂ ಬೇರಲ್ಲೇ ಹಿಡಿದಿಡೋಕೆ ನೋಡತ್ತೆ, ಬೇರು ಸಾಯ್ತಾ ಬರತ್ತೆ. ಹಿಡಿಯೋಕಾಗದಷ್ಟಿದ್ರೆ ಎಲೆಗೂ ಹತ್ತತ್ತೆ. ಪಾಪ, ಅದಕ್ಕೆ ಓಡಿಹೋಗೋಕೆ ಕಾಲಿಲ್ವಲ್ಲ, ಬಚ್ಚಿಟ್ಕೊಂಡು ಬದುಕತ್ತೆ" ಎಂದರು. ಆಮೇಲೆ ನನ್ನ ಮುಖ ನೋಡಿ, "ಯಾಕೆ, ಹುಷಾರಿಲ್ವಾ?" ಎಂದು ಕೇಳಿದರು.

"ಸೊಂಟ ನೋವು" ಎಂದೆ.

ಬಸ್ಸಿನಲ್ಲಿ ಮನೆಗೆ ಬರುವಾಗ ಕಣ್ಣು ಮುಚ್ಚಿದರೆ ಚಮಚ ಗಾಳಿಯಲ್ಲಿ ತಿರುಗಿ ತಿರುಗಿ ಬರುತ್ತಿತ್ತು. ಮಾವನಿಗೆ ಏನೆಂದು ಹೇಳಲಿ? ನಿಮ್ಮ ಕೈಯಾರೆ ಮಗುವಿಗೆ ಸೀಸ ತಿನ್ನಿಸಿದಿರಿ ಎನ್ನಲೇ? ಆ ಮನುಷ್ಯ ಅಲ್ಲೇ ಕುಸಿದುಬಿಟ್ಟರೆ? ಹೀಗೆಲ್ಲ ಮಾವನ ಹೆಸರು ಹೇಳಿಕೊಂಡೇ ಯೋಚಿಸಿದೆ. ಆದರೆ ಹೆದರಿದ್ದು ನನ್ನ ಸಲುವಾಗಿ. ಮಾದರಿ ಎಂದವಳು ನಾನು. ಆ ಮಾತನ್ನು ನಾನೇ ವಾಪಸು ನುಂಗಬೇಕಿತ್ತು.

ಮಾವ ಪಾತಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಕಳೆ ಕೀಳುತ್ತಿದ್ದರು. ನಾನು ಚಪ್ಪಲಿಯನ್ನೂ ಬಿಡದೆ ಅಲ್ಲಿಗೇ ಹೋಗಿ, "ಮಾವ, ಇಲ್ಲಿ ಪೈಪ್ ಹಾಕೋಕೆ ಅಗೀತಾರಂತೆ. ಎಲ್ಲಾ ಕಿತ್ತುಬಿಡಿ" ಎಂದೆ.

"ಯಾವಾಗಂತೆ?"

"ಇವತ್ತೋ ನಾಳೇನೋ. ಕಿತ್ತುಬಿಡಿ ಅಂದ್ನಲ್ಲ."

ಮಾವ ನನ್ನನ್ನೊಮ್ಮೆ, ಸೊಪ್ಪನ್ನೊಮ್ಮೆ ನೋಡಿದರು. ವಾದ ಮಾಡಲಿಲ್ಲ. ಸ್ಟ್ಯಾಂಡ್ ಎತ್ತಿಸಿದಾಗಲೂ ಹೀಗೇ ಸುಮ್ಮನೆ ಗಾಡಿ ತೆಗೆದುಕೊಂಡು ಬಂದಿದ್ದರಂತೆ. "ನಾಳೆ ಬೆಳಿಗ್ಗೆ ಕೀಳ್ತೀನಮ್ಮ. ಈಗ ಬೇಡ, ಬಾಡಿಹೋಗತ್ತೆ" ಎಂದರು. ಬಾಡಿದರೇನು ಎಂದು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ಸದ್ಯ, ಒಂದು ಗಂಡಾಂತರ ಕಳೆಯಿತು ಎಂದುಕೊಂಡೆ. ಇನ್ನು ಮೇಲೆ ಗುಬ್ಬಿ ಆ ಸೊಪ್ಪು ತಿನ್ನುವುದಿಲ್ಲ, ಮಾವನಿಗೂ ಗೊತ್ತಾಗುವುದಿಲ್ಲ, ನಿಧಾನವಾಗಿ ಟೈಲರಮ್ಮನಿಗೆ ಏನೋ ನೆಪ ಹೇಳಿ ಮಗುವಿನ ರಕ್ತ ಪರೀಕ್ಷೆ ಮಾಡಿಸಿದರಾಯಿತು. ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ.

ಮಾರನೆಯ ದಿನ ಲ್ಯಾಬಿನಲ್ಲಿ ಮನಸ್ಸು ನಿಲ್ಲಲಿಲ್ಲ. ಅರ್ಧ ದಿನ ರಜೆ ಹಾಕಿ ಬಂದೆ. ಪಾತಿ ಬರಿದಾಗಿತ್ತು, ಮಣ್ಣನ್ನು ಅಚ್ಚುಕಟ್ಟಾಗಿ ಸಮ ಮಾಡಿದ್ದರು. ಮಾವ ಮೆಟ್ಟಿಲಲ್ಲಿ ಕೂತು ಗುದ್ದಲಿ ತೊಳೆಯುತ್ತಿದ್ದರು.

"ಸೊಪ್ಪೆಲ್ಲಾ ಎಲ್ಲಿ ಹಾಕಿದ್ರಿ ಮಾವ?"

"ಹಾಕೋದಾ? ಅಷ್ಟು ಒಳ್ಳೇ ಸೊಪ್ಪನ್ನ?" ಎಂದು ನಕ್ಕರು. "ಅಷ್ಟೂ ಮೇಲೆ ಕೊಟ್ಟೆ. ಟೈಲರಮ್ಮ ಬೇಯ್ಸಿ ಫ್ರಿಜ್ಜಲ್ಲಿ ಇಟ್ಕೊಂಡು ಮಗೂಗೆ ದಿನಾ ಸ್ವಲ್ಪ ಸ್ವಲ್ಪ ಕೊಡ್ತಾಳಂತೆ. ಮೂಲಂಗೀನೂ ಕೊಟ್ಟೆ. ಪೈಪಿನವ್ರಿಗೆ ಒಂದೆಲೆ ಬಿಟ್ಟಿಲ್ಲ ನೋಡು."

ನಾನು ಮೆಟ್ಟಿಲು ಹತ್ತಿದ್ದು ನೆನಪಿಲ್ಲ. ಟೈಲರಮ್ಮನ ಬಾಗಿಲು ತೆರೆದಿತ್ತು. ಮೆಷಿನ್ನಿನ ಮೇಲೆ ಅರ್ಧ ಹೊಲಿದ ತೋಳು ನೇತಾಡುತ್ತಿತ್ತು, ನೆಲದ ತುಂಬ ಬಟ್ಟೆ ಚೂರು. ಒಲೆಯ ಮೇಲೆ ದೊಡ್ಡ ಪಾತ್ರೆ, ತುಂಬ ಹಸಿರು. ಗುಬ್ಬಿ ಬಟ್ಟೆ ಚೂರುಗಳ ನಡುವೆ ಕೂತು ತಾನೇ ಚಮಚ ಹಿಡಿದು ಬಟ್ಟಲಿನಿಂದ ತಿನ್ನುತ್ತಿತ್ತು. ಗಲ್ಲವೆಲ್ಲ ಹಸಿರು. ಅದರ ಕೈಯಿಂದ ಬಟ್ಟಲು ಕಿತ್ತುಕೊಂಡೆ. ಕಿತ್ತ ರಭಸಕ್ಕೆ ಅದು ಜಾರಿ ಹೊಸ ಬಟ್ಟೆಯ ಮೇಲೆ ಬಿತ್ತು. ಮಗು ಕಿಟಾರನೆ ಕಿರುಚಿತು.

"ಏನಕ್ಕ ಇದು! ತಲೆ ಕೆಟ್ಟಿದೆಯಾ?" ಟೈಲರಮ್ಮ ಸೌಟು ಹಿಡಿದೇ ಬಂದಳು. "ಗಿರಾಕಿ ಬಟ್ಟೆ ಅದು!"

"ತಿನ್ನಿಸ್ಬೇಡ. ಆ ಸೊಪ್ಪಲ್ಲಿ ಸೀಸ ಇದೆ."

"ಏನಿದೆ?"

"ಸೀಸ. ವಿಷ ಕಣೇ. ಮಣ್ಣಲ್ಲಿದೆ, ಸೊಪ್ಪಿಗೆ ಬಂದಿದೆ. ಯಂತ್ರದಲ್ಲಿ ನೋಡ್ದೆ."

ಅವಳು ಸೌಟನ್ನು ಕೆಳಗಿಟ್ಟಳು. ಮಗುವನ್ನು ಎತ್ತಿಕೊಂಡು ಸೆರಗಿನಿಂದ ಅದರ ಬಾಯಿ ಒರೆಸಿದಳು, ಒರೆಸುತ್ತಲೇ ಇದ್ದಳು. "ನೀನೇ ತಾನೇ ಪರೀಕ್ಷೆ ಮಾಡಿದ್ದು? ತಾತ ಹೇಳಿದ್ರು."

"ಪರೀಕ್ಷೆ ಮಾಡಿರ್ಲಿಲ್ಲ. ಗಿಡ ನೋಡಿ ಹೇಳಿದ್ದೆ. ಅಳೆದು ಹೇಳಿರ್ಲಿಲ್ಲ. ಅಳೆದಿದ್ದು ನೆನ್ನೆ."

"ನೆನ್ನೆ?"

"ಹೂಂ."

"ನೆನ್ನೆ ಗೊತ್ತಾಯ್ತಾ ನಿಂಗೆ?" ಅವಳು ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. "ನೆನ್ನೆ ರಾತ್ರಿ ನನ್ನ ಮಗು ಇದೇ ಸೊಪ್ಪು ತಿಂತು ಅಕ್ಕ. ಬೇಡ ಬೇಡ ಅಂತಿತ್ತು. ಹೊಡೆದು ತಿನ್ನಿಸ್ದೆ."

ನಾನು ಬಗ್ಗಿ ಗಿರಾಕಿಯ ಬಟ್ಟೆಯ ಮೇಲಿನ ಹಸಿರನ್ನು ಒರೆಸತೊಡಗಿದೆ. ಹಿಂದೆ ಬಾಗಿಲಲ್ಲಿ ಉಸಿರು ಕೇಳಿಸಿತು. ಮಾವ ನಿಂತಿದ್ದರು. ಮಂಡಿ ನೋವಿನವರು ಅಷ್ಟು ಬೇಗ ಹೇಗೆ ಹತ್ತಿ ಬಂದರೋ. ಎಲ್ಲ ಕೇಳಿಸಿಕೊಂಡಿದ್ದರು.

"ಪೈಪು ಅಂದೆಯಲ್ಲಮ್ಮ" ಎಂದರು.

"ಸುಳ್ಳು ಹೇಳ್ದೆ ಮಾವ. ತಪ್ಪಾಯ್ತು. ನಿಮ್ಮ ಮಣ್ಣು ಚೆನ್ನಾಗಿದೆ ಅಂತ ಅವತ್ತು ಸುಮ್ನೆ ಬಾಯಿಗೆ ಬಂದಂಗೆ ಅಂದುಬಿಟ್ಟೆ. ನಿಮ್ಮದೇನೂ ತಪ್ಪಿಲ್ಲ, ಎಲ್ಲಾ ನಂದು."

ಮಾವ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಧಾನವಾಗಿ ಹೊಸ್ತಿಲ ಮೇಲೆ ಕೂತರು.

"ಸೀಸ ಅಂದ್ರೆ ಬ್ಯಾಟರೀಲಿ ಇರತ್ತಲ್ಲ, ಅದೇನಾ?"

"ಹೂಂ ಮಾವ."

"ಹಾಗಾದ್ರೆ ಅದು ನಂದೇ." ಅವರು ತಮ್ಮ ಅಂಗೈಗಳನ್ನು ನೋಡಿಕೊಂಡರು. "ಸವಾರಿ ಇಲ್ದಾಗ ಗೋಡೆ ಬುಡದಲ್ಲಿ ಕೂತು ಹಳೇ ಬ್ಯಾಟರಿ ಒಡೀತಿದ್ವಿ. ಒಳಗಿನ ಸೀಸದ ತಟ್ಟೆ ಗುಜರಿಯವನು ತಗೊಳ್ತಿದ್ದ. ಟೀ ಖರ್ಚಿಗೆ ಆಗೋದು. ನೀರು, ಕಪ್ಪು ಪುಡಿ ಎಲ್ಲಾ ಅಲ್ಲೇ ಚೆಲ್ತಿದ್ವಿ. ಸ್ಟ್ಯಾಂಡಿಗೇ ನಾನು ಕೈ ಪಳಗಿದವನು. ಬೇರೆಯವ್ರದ್ದೂ ನಾನೇ ಒಡೆದು ಕೊಡ್ತಿದ್ದೆ." ಅಂಗೈಗಳನ್ನು ತೊಡೆಗೆ ಒರೆಸಿಕೊಂಡು, "ಪಾತಿ ಅಗೆಯೋವಾಗ ಆ ಚೂರು ಸಿಕ್ಕಿದ್ವು. ಆಯ್ದು ಎಸೆದೆ. ಅಷ್ಟಕ್ಕೇ ಆಯ್ತು ಅಂದ್ಕೊಂಡಿದ್ದೆ" ಎಂದರು.

"ನಿಮಗೆ ಗೊತ್ತಿರ್ಲಿಲ್ಲ ಮಾವ. ನನಗೆ ಗೊತ್ತಿತ್ತು. ಅದೇ ನನ್ನ ಕೆಲಸ."

"ಇಲ್ಲಮ್ಮ, ನಾನು ಚೆಲ್ಲದೇ ಇದ್ದಿದ್ರೆ..."

"ಸಾಕು ಮಾಡಿ!" ಈಗ ಟೈಲರಮ್ಮ ಕೂಗಿದಳು. "ತಪ್ಪು ಯಾರ್ದು ಅಂತ ನೀವಿಬ್ರೂ ಆಮೇಲೆ ಮನೇಲಿ ಕೂತು ಹಂಚ್ಕೊಳ್ಳಿ. ಈಗ ಈ ಮಗೂನ ಯಾವ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ಬೇಕು, ಅದನ್ನ ಹೇಳಿ."

ನಾನು ಒಲೆಯ ಮೇಲಿನ ಪಾತ್ರೆಯನ್ನು ಮುಚ್ಚಿ, ಉಳಿದ ಸೊಪ್ಪು ಮೂಲಂಗಿಯನ್ನೆಲ್ಲ ನನ್ನ ಬ್ಯಾಗಿನಲ್ಲಿದ್ದ ಲ್ಯಾಬಿನ ದಪ್ಪ ಚೀಲಕ್ಕೆ ಹಾಕಿ ಕಟ್ಟಿದೆ. ಆಮೇಲೆ ಆಟೋ ತಂದೆ.

ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಗೋಡೆಗೆಲ್ಲ ಆನೆ, ಜಿರಾಫೆ ಅಂಟಿಸಿದ್ದರು. ಬೆರಳ ತುದಿಯ ಒಂದು ತೊಟ್ಟು ರಕ್ತ ತೆಗೆದುಕೊಂಡು ನಮ್ಮನ್ನು ಹೊರಗೆ ಕೂರಿಸಿದರು. ಟೈಲರಮ್ಮ ನನ್ನಿಂದ ದೂರದ ಬೆಂಚಿನಲ್ಲಿ ಮಗುವನ್ನು ತಬ್ಬಿ ಕೂತಳು. ಮಾವ ಕೂರಲೇ ಇಲ್ಲ. ನಾನು ಹೊರಗೆ ಬಂದು ಮೇಡಂಗೆ ಫೋನ್ ಮಾಡಿದೆ.

"ಚೀಟಿ ಅದಲು ಬದಲಾಗಿಲ್ಲ ಮೇಡಂ. ನಾನು ಗುಡ್ಡಕ್ಕೆ ಹೋಗಿರ್ಲಿಲ್ಲ. ಕಂಟ್ರೋಲ್ ಮಣ್ಣು ನಮ್ಮ ಮಾವನ ಪಾತಿದು. ಆ ಸೊಪ್ಪನ್ನ ಒಂದು ಮಗು ತಿಂದಿದೆ."

ಅವರು ಬಯ್ಯುತ್ತಾರೆಂದು ಕಾದೆ. ಬಯ್ಯಲೆಂದೇ ಕಾದೆ.

"ಮಗು ಎಲ್ಲಿದೆ?" ಎಂದರು.

"ಇಲ್ಲೇ, ಆಸ್ಪತ್ರೇಲಿ."

"ಹಾಗಾದ್ರೆ ನನ್ ಹತ್ರ ಏನು ಮಾತಾಡ್ತಿದೀಯ? ಒಳಗೆ ಹೋಗು. ಮಿಕ್ಕಿದ್ದು ನಾಳೆ."

ಒಳಗೆ ಡಾಕ್ಟರು ಕರೆದರು. ವಯಸ್ಸಾದ ಹೆಂಗಸು, ಮಾತು ನೇರ. "ಮಗೂಗೆ ರಕ್ತದಲ್ಲಿ ಸೀಸ ಇದೆ, ಇರಬಾರದಷ್ಟಿದೆ. ತೋಳಿನ ರಕ್ತ ತೆಗೆದು ಇನ್ನೊಂದು ಸಲ ಖಚಿತ ಮಾಡ್ಕೋಬೇಕು. ತಿನ್ನೋದು ನಿಂತ್ರೆ ನಿಧಾನಕ್ಕೆ ಇಳಿಯತ್ತೆ. ಇಳೀದೇ ಇದ್ರೆ ಔಷಧಿ ಇದೆ."

"ಏನೂ ತೊಂದ್ರೆ ಆಗಲ್ಲ ಅಲ್ವಾ ಡಾಕ್ಟ್ರೇ?" ಟೈಲರಮ್ಮ ಕೇಳಿದಳು.

"ಆಗಲ್ಲ ಅಂತ ನಾನು ಹೇಳಿದ್ರೆ ಸುಳ್ಳಾಗತ್ತೆ. ಬೆಳೆಯೋ ಮಗು. ಮಾತು, ಬುದ್ಧಿ, ಎಲ್ಲಾ ಗಮನಿಸ್ತಾ ಹೋಗ್ಬೇಕು. ಈಗ ಗೊತ್ತಾಯ್ತಲ್ಲ, ಅದು ಒಳ್ಳೇದೇ ಆಯ್ತು." ಹಳೆಯ ಚೀಟಿ ತಿರುವಿ ನೋಡಿ, "ರಕ್ತ ಕಡಿಮೆ ಅಂತ ಸೊಪ್ಪು ತಿನ್ನಿಸಿ ಅಂದಿದ್ದಾರಲ್ಲ, ಈ ಸೀಸದಿಂದಾನೂ ರಕ್ತ ಕಡಿಮೆಯಾಗತ್ತೆ" ಎಂದರು.

ಗೋಡೆಗೆ ಒರಗಿದ್ದ ಮಾವ ಆ ಮಾತು ಕೇಳಿದರು. ಎರಡನೆಯ ಪಾತಿ ಅಗೆದದ್ದು ಅವರಿಗೆ ನೆನಪಾಗಿರಬೇಕು. ನನಗಂತೂ ಆಯಿತು. ಅವತ್ತು ಬಾಲ್ಕನಿಯಿಂದ ನೋಡಿ, 'ಭೇಷ್ ಮಾವ' ಎಂದು ಚಪ್ಪಾಳೆ ತಟ್ಟಿದ್ದೆ.

ತೋಳಿನ ರಕ್ತ ತೆಗೆಯಲು ನರ್ಸ್ ಮಗುವನ್ನು ಕೂರಿಸಿಕೊಳ್ಳಿ ಎಂದಳು. ಟೈಲರಮ್ಮ ಅದನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಗುಬ್ಬಿ ಸೂಜಿ ನೋಡಿ ಮೈಯೆಲ್ಲ ಬಿಲ್ಲಿನ ಹಾಗೆ ಬಗ್ಗಿಸಿ ಅವಳ ತೊಡೆಯಿಂದ ಜಾರಿ ಇಳಿದು, ನೇರ ಓಡಿಹೋಗಿ ಮಾವನ ಕಾಲು ತಬ್ಬಿಕೊಂಡಿತು.

"ತಾತ ಹಿಡ್ಕೊಳ್ಳಲಿ ಬಿಡಿ" ಎಂದಳು ನರ್ಸ್.

ಮಾವ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ಬೇಡಮ್ಮ. ಈ ಕೈಲಿ ನಾನು ಮುಟ್ಟಲ್ಲ."

ಟೈಲರಮ್ಮ ಅವರ ಮುಖ ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟು ಇನ್ನೂ ಹಾಗೇ ಇತ್ತು, ಇರಬೇಕಾದದ್ದೇ. "ಹಿಡ್ಕೊಳ್ಳಿ ತಾತ. ಬೇರೆ ಯಾರ ಹತ್ರನೂ ಕೂರಲ್ಲ ಅದು. ನಾನೇನು ಮಾಡ್ಲಿ?"

ಮಾವ ಕೂತರು. ಗುಬ್ಬಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು, ಆ ಚಿಕ್ಕ ತೋಳನ್ನು ತಮ್ಮ ದೊಡ್ಡ ಅಂಗೈಯಲ್ಲಿ ಹಿಡಿದರು. ನಾನು ಅದರ ಕಾಲು ಹಿಡಿದುಕೊಂಡೆ. ಸೂಜಿ ಒಳಗೆ ಹೋದಾಗ ಮಗು ಇಡೀ ವಾರ್ಡಿಗೆ ಕೇಳುವಂತೆ ಕಿರುಚಿತು. ಪುಟ್ಟ ಸೀಸೆಯಲ್ಲಿ ರಕ್ತ ಏರಿತು. ನರ್ಸ್ ಹತ್ತಿ ಒತ್ತಿ, ಮೇಲೊಂದು ಪಟ್ಟಿ ಅಂಟಿಸಿ, "ಮುಗೀತು, ಜಾಣೆ" ಎಂದಳು.

ಗುಬ್ಬಿ ಬಿಕ್ಕುತ್ತ ಬಿಕ್ಕುತ್ತ ಸುಮ್ಮನಾಯಿತು. ಮೂಗು ಸೋರುತ್ತಿತ್ತು. ಗಲ್ಲದ ಮೂಲೆಯಲ್ಲಿ ಒಣಗಿದ ಹಸಿರಿನ ಗೆರೆ ಇನ್ನೂ ಉಳಿದಿತ್ತು. ಅದು ತಲೆಯೆತ್ತಿ ಮಾವನ ಮುಖವನ್ನು ನೋಡಿತು. ಸಂಜೆಯಾಗಿತ್ತು, ಮಾವ ಇದ್ದರು, ತೊಡೆಯ ಮೇಲೆ ತಾನು ಕೂತಿತ್ತು. ಮಗುವಿಗೆ ಗೊತ್ತಿದ್ದದ್ದು ಅಷ್ಟೇ.

"ತಾತ, ಪೋಂ" ಎಂದಿತು. ಎಂದು ಬಾಯಿಯನ್ನು 'ಆ' ಎಂದು ಅಗಲವಾಗಿ ತೆರೆದು ಕಾಯುತ್ತ ಕೂತಿತು.

ಮಾವ ನನ್ನ ಕಡೆ ತಿರುಗಿದರು. ಏನು ಕೊಡಲಿ ಎಂದು ಕೇಳುವ ಹಾಗೆ ನೋಡಿದರು. ನನ್ನ ಕೈಯಲ್ಲಿ ಏನೂ ಇರಲಿಲ್ಲ. ಗುಬ್ಬಿ ಬಾಯಿ ಮುಚ್ಚಲಿಲ್ಲ.